ಎಂಟನೆಯ ಸ್ವಿಚ್

ಬಸವನಗುಡಿಯ ಪ್ರಕಾಶಕರ ಫೋನು ಬಂದಾಗ ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಬೆರಳಿನಲ್ಲೇ ತೆಗೆಯುವುದು, ಕಣ್ಣಿಗೆ ಆ ಕೆಲಸ ಹೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ನನ್ನದು ವಿಚಿತ್ರ ಕಾಯಿಲೆ. ಅಕ್ಕಪಕ್ಕದ್ದೆಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಸಾಸಿವೆ ಡಬ್ಬಿಯ ಅಂಚು ಕಾಣುತ್ತದೆ, ಒಳಗಿನ ಸಾಸಿವೆ ಇಲ್ಲ. ಎದುರು ನಿಂತವರ ಕಿವಿ, ಭುಜ ಕಾಣುತ್ತವೆ, ಮುಖದ ಜಾಗದಲ್ಲಿ ಬೂದಿ ಮೆತ್ತಿದ ಹಾಗೆ. ಬಾಗಿಲು, ಗೋಡೆ, ಬಸ್ಸು ಇವಕ್ಕೆಲ್ಲ ತೊಂದರೆಯಿಲ್ಲ. ಹೋಗಿದ್ದು ಅಕ್ಷರ. ಮೂವತ್ತು ವರ್ಷ ಅಚ್ಚುಕೂಟಗಳಲ್ಲಿ ಕರಡು ತಿದ್ದಿ ಬದುಕಿದವಳಿಗೆ ಅಕ್ಷರವೇ ಹೋಗಬೇಕೆ? ಕಾಲೊಂದು ಹೋಗಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಪ್ರಕಾಶಕರು ಹಳೆಯ ಪರಿಚಯದವರು. ಸಾರಕ್ಕಿಯ ರೈತರೊಬ್ಬರು, ಎಂಬತ್ತು ದಾಟಿದವರು, ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದ ಕಾಲದ ನೆನಪುಗಳನ್ನೆಲ್ಲ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರಂತೆ. ಅದನ್ನು ಟೈಪು ಮಾಡಿಸಿ ಆಗಿದೆ, ಕರಡು ತಿದ್ದುವುದು ಬಾಕಿ. ಈಗ ಕಂಪ್ಯೂಟರೇ ಕನ್ನಡವನ್ನು ಓದಿ ಹೇಳುತ್ತದಂತಲ್ಲ, ಕಿವಿಯಲ್ಲಿ ಕೇಳಿಕೊಂಡು ತಿದ್ದಲು ನಿಮಗೆ ಆಗುತ್ತದಾ ನೋಡಿ, ಎಂದರು. ಮೊದಲ ಅಧ್ಯಾಯವನ್ನು ಸೋಮವಾರ ತಿದ್ದಿ ಕೊಡಬೇಕು. ಸರಿಯಾಗಿದ್ದರೆ ಪುಸ್ತಕ ಪೂರ್ತಿ ನನ್ನದು. ಇಲ್ಲವಾದರೆ ಬೇಜಾರಿಲ್ಲ, ಬೇರೆಯವರಿದ್ದಾರೆ.

ಬೇರೆಯವರಿದ್ದಾರೆ! ಆ ಮಾತು ನನ್ನ ಹೊಟ್ಟೆಯೊಳಗೆ ಹೋಗಿ ಕೂತಿತು. ಆಗುತ್ತೆ, ಸೋಮವಾರವೇ ಕೊಡ್ತೀನಿ, ಎಂದುಬಿಟ್ಟೆ. ಆ ಮಂಗಳವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುರುಳಿಕಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ನಮ್ಮ ಯಜಮಾನರು ತುಟಿ ಎರಡು ಮಾಡದೆ ತಿಂದರು. ಸಂಗತಿ ಹೇಳಿದಾಗ, ಒಳ್ಳೇದಾಯ್ತು, ಎಂದು ಒಂದು ಲೋಟ ನೀರು ಕುಡಿದು ಎದ್ದು ಹೋದರು. ನೀರು ಉಪ್ಪಿಗೆ ಕುಡಿದರು ಎಂದುಕೊಂಡೆ.

ಅವರ ವಿಷಯ ಸ್ವಲ್ಪ ಹೇಳಬೇಕು. ಅವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವರು ಕಂಬದ ಮೇಲಿರುವಾಗ ಕೆಳಗೆ ಯಾರೋ ತಿಳಿಯದೆ ಲೈನಿಗೆ ಕರೆಂಟು ಕೊಟ್ಟುಬಿಟ್ಟಿದ್ದರು. ಜೀವ ಉಳಿಯಿತು, ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅಂದಿನಿಂದ ಸ್ವಿಚ್ಚು ಅವರಿಗೆ ದೇವರ ಸಮಾನ. ಏನನ್ನಾದರೂ ಒರೆಸಬೇಕಾದರೆ ಮೊದಲು ಆಫ್. ಮನೆಯಿಂದ ಹೊರಗೆ ಕಾಲಿಡಬೇಕಾದರೆ ಫ್ರಿಜ್ ಒಂದನ್ನು ಬಿಟ್ಟು ಎಲ್ಲವೂ ಆಫ್. ನಾವು ಯಡಿಯೂರಿನಲ್ಲಿರುವುದು, ಸಂಜೆ ಐದೂವರೆಗೆ ಕೆರೆಯ ಸುತ್ತ ನಡೆಯಲು ಹೋಗುವುದು ವಾಡಿಕೆ. ನಾನು ಮೊದಲೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತೇನೆ. ಅವರು ಒಳಗೆ ಒಂದು ಸುತ್ತು ಹಾಕುತ್ತಾರೆ. ಕೋಣೆಯ ಫ್ಯಾನು, ಗೀಸರು, ಮಿಕ್ಸಿ, ನೀರಿನ ಫಿಲ್ಟರು, ಟಿವಿ, ಹಾಲಿನ ಫ್ಯಾನು, ಟ್ಯೂಬ್‌ಲೈಟು. ಟಕ್, ಟಕ್, ಟಕ್, ಒಟ್ಟು ಏಳು. ಆಮೇಲೆ ಬೀಗ. ವಾಪಸು ಬಂದೊಡನೆ ಆರಿಸಿದ್ದನ್ನೆಲ್ಲ ಮತ್ತೆ ಹಾಕುತ್ತಾರೆ. ಎಷ್ಟೋ ವರ್ಷಗಳಿಂದ ಕೇಳುತ್ತಾ ಬಂದ ಸದ್ದು, ಕೇಳಿದರೂ ಕೇಳದ ಹಾಗೆ. ಕೆಲಸದಲ್ಲಿ ಇದ್ದಾಗಿನ ಒಂದು ತಗಡಿನ ಫಲಕವನ್ನು ಇನ್ನೂ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ. ಕೆಂಪು ಬಣ್ಣ, ಮೇಲೆ ಬಿಳಿ ಅಕ್ಷರ: ‘ಲೈನಿನ ಮೇಲೆ ಆಳಿದ್ದಾನೆ, ಸ್ವಿಚ್ ಮುಟ್ಟಬೇಡಿ’. ಪ್ರತಿ ಸಲ ಅಟ್ಟ ಗುಡಿಸುವಾಗಲೂ ಗುಜರಿಗೆ ಹಾಕ್ರೀ ಎನ್ನುತ್ತೇನೆ, ಅವರು ಕೇಳಿಸಿಕೊಳ್ಳುವುದಿಲ್ಲ.

ನನ್ನ ಕಣ್ಣು ಹೋದ ಮೇಲೆ ಬೆಳಗಿನ ಪೇಪರು ಓದಿ ಹೇಳುವವರು ಅವರೇ. ಮೀಟರ್ ರೀಡಿಂಗ್ ಬರೆಸುವವರ ಹಾಗೆ ಓದುತ್ತಾರೆ, ಎಲ್ಲಕ್ಕೂ ಒಂದೇ ದನಿ. ಅದಾದರೂ ಪರವಾಗಿಲ್ಲ, ಸಾಲು ಹಾರಿಸುತ್ತಾರೆ. ತಮಗೆ ಬೇಡದ್ದನ್ನು ಹಾರಿಸುತ್ತಾರೆ, ನನಗೆ ಬೇಜಾರಾಗಬಹುದು ಅನ್ನಿಸಿದ್ದನ್ನು ಹಾರಿಸುತ್ತಾರೆ, ಕಷ್ಟದ ಹೆಸರು ಬಂದರೆ ಇಡೀ ಪ್ಯಾರಾವನ್ನೇ ಹಾರಿಸುತ್ತಾರೆ. ಕರಡು ತಿದ್ದಿದ ಕಿವಿಗೆ ಅದು ಗೊತ್ತಾಗದೆ ಇರುತ್ತದೆಯೇ? ‘ಸಾಲು ಬಿಟ್ರಿ’ ಎಂದು ನಾನು, ‘ಇಲ್ಲ ಕಣೆ’ ಎಂದು ಅವರು. ಎರಡು ವರ್ಷ ಪ್ರತಿ ಬೆಳಗ್ಗೆ ಇದೇ ಜಗಳ. ನಡುವೆ ಯಾರೂ ಇಲ್ಲದೆ ಒಂದು ಪುಟವನ್ನು ನಾನೇ ಮೊದಲಿಂದ ಕೊನೆಯವರೆಗೆ ಓದಿಕೊಳ್ಳಬೇಕು ಎಂಬುದು ನನಗೆ ಎಂಥ ಹಸಿವಾಗಿತ್ತು ಎಂದರೆ, ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಸಾಡದೆ ಬೆರಳಿನಲ್ಲಿ ಸವರುತ್ತಿದ್ದೆ.

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದವರು ಬಾಗಲಕೋಟೆ ಕಡೆಯ ಹೆಂಗಸು, ನಲವತ್ತೈದರ ಆಸುಪಾಸು. ಕಂಪ್ಯೂಟರು ಕೆಟ್ಟರೆ ಫೋನಿನಲ್ಲೇ ಸರಿಮಾಡಿಸುವ ಕೆಲಸ ಅವರದು. ಆಫೀಸು ಬಿಟಿಎಂ ಲೇಔಟಿನಲ್ಲಿ, ಆ ವಾರ ಮನೆಯಿಂದಲೇ ಕೆಲಸ. ನನಗೆ ಅಕ್ಕಾರ ಎನ್ನುತ್ತಾರೆ, ನಮ್ಮವರಿಗೆ ಅಣ್ಣಾರ. ನನ್ನ ಹಳೆಯ ಲ್ಯಾಪ್‌ಟಾಪನ್ನು ಬೀರುವಿನಿಂದ ತೆಗೆಸಿ ಅವರ ಮುಂದೆ ಇಟ್ಟೆ. ಅದರ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು ಎಂದು ಜಯನಗರದ ರಿಪೇರಿ ಅಂಗಡಿಯಲ್ಲಿ ಹಿಂದೆಯೇ ತೆಗೆಸಿ ಹಾಕಿದ್ದೆವು. ಪ್ಲಗ್ಗಿಗೆ ಹಾಕಿದ್ದರೆ ಉಂಟು, ಕಿತ್ತರೆ ಇಲ್ಲ. ಅವರು ನೋಡಿ, ಕನ್ನಡ ಓದುವ ತಂತ್ರಾಂಶವೇನೋ ಇದೆ, ಚೆನ್ನಾಗಿಯೂ ಓದುತ್ತದೆ, ಆದರೆ ಈ ಕಂಪ್ಯೂಟರಿನ ಮೂಲ ವ್ಯವಸ್ಥೆಯೇ ಹಳೆಯದಾಯಿತು, ಅದನ್ನು ಅಪ್‌ಡೇಟ್ ಮಾಡಿ ಹೊಸ ಆವೃತ್ತಿಗೆ ತಂದರೆ ಮಾತ್ರ ನಡೆಯುತ್ತದೆ, ಎಂದರು. ಅಷ್ಟೇ ತಾನೇ, ಮಾಡಿ, ಎಂದೆ. ಒಂದೆರಡು ಗಂಟೆಯ ಕೆಲಸ ಎಂದೂ ಹೇಳಿದರು. ನಾನು ಮನಸ್ಸಿನಲ್ಲೇ ಆ ರಾತ್ರಿ ಓದುವ ಪುಟಗಳನ್ನು ಲೆಕ್ಕ ಹಾಕತೊಡಗಿದೆ.

ಬುಧವಾರ ನಾಲ್ಕು ಗಂಟೆಗೆ ಅವರು ಚಹಾದ ಬಿಡುವಿನಲ್ಲಿ ಕೆಳಗೆ ಬಂದು, ಹಾಲಿನಲ್ಲಿ ಬಾಗಿಲ ಪಕ್ಕದ ಹೊಲಿಗೆ ಮಿಷನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ತಮ್ಮ ವೈಫೈ ಹಾಕಿಕೊಟ್ಟು, ಅಪ್‌ಡೇಟ್ ಒತ್ತಿ ಹೋದರು. ಅದರ ಪಾಡಿಗೆ ಅದು ಆಗಲಿ ಎಂದು ನಾವು ಐದೂವರೆಗೆ ಕೆರೆಗೆ ಹೋದೆವು. ದಾರಿಯುದ್ದಕ್ಕೂ ನನ್ನದೇ ಮಾತು. ಓದುವ ದನಿ ಗಂಡಸಿನದಿರುತ್ತದೋ ಹೆಂಗಸಿನದೋ, ಒತ್ತಕ್ಷರ ಸರಿಯಾಗಿ ಹೇಳುತ್ತದೋ ಇಲ್ಲವೋ, ಕಳಪೆಯಾಗಿ ಓದಿದರೆ ನಾನು ಬಿಡುವವಳಲ್ಲ. ನಮ್ಮವರು ನನ್ನ ಮೊಣಕೈ ಹಿಡಿದು ಹಳ್ಳ ತಪ್ಪಿಸುತ್ತಾ ಹೂಂಗುಡುತ್ತಿದ್ದರು. ಏಳು ಗಂಟೆಗೆ ಮೇಲಿನವರು ಬಂದು ನೋಡಿದರೆ ಲ್ಯಾಪ್‌ಟಾಪು ಆರಿಹೋಗಿತ್ತು. ಮುಗಿದ ಮೇಲೆ ತಾನೇ ಆರಿರಬೇಕು ಎಂದು ನಾವು ಖುಷಿಪಟ್ಟೆವು. ಅವರು ಗುಂಡಿ ಒತ್ತಿದರು. ತುಸು ಹೊತ್ತಾದ ಮೇಲೆ ಪರದೆಯ ಮೇಲೆ ಬಂದದ್ದನ್ನು ಓದಿ, ಅಪ್‌ಡೇಟ್ ಆಗಲಿಲ್ಲವಂತೆ, ಮಾಡಿದ ಬದಲಾವಣೆಗಳನ್ನೆಲ್ಲ ಅದೇ ವಾಪಸು ತೆಗೆಯುತ್ತಿದೆ, ಎಂದರು.

ಗುರುವಾರ ಅವರು ಕಾರಣ ಹುಡುಕಿದರು. ಒಳಗೆ ಜಾಗವಿಲ್ಲ, ಹಾಗಾಗಿ ಆಗಿಲ್ಲ. ಏನಿದೆ ಅಷ್ಟು ಎಂದು ನೋಡಿದರೆ ನಾನು ಹಿಂದೆ ತಿದ್ದಿದ ಪುಸ್ತಕಗಳ ಕರಡುಗಳು, ಮತ್ತೆ ನಮ್ಮವರು ಹಾಕಿಟ್ಟ ಟ್ರಾನ್ಸ್‌ಫಾರ್ಮರುಗಳ ಫೋಟೋಗಳು. ಜನ ಮೊಮ್ಮಕ್ಕಳ ಫೋಟೋ ಇಟ್ಟುಕೊಳ್ಳುತ್ತಾರೆ, ಇವರು ಟ್ರಾನ್ಸ್‌ಫಾರ್ಮರಿನದು. ಅವರ ಫೋಟೋ ಮುಟ್ಟಿದರೆ ರಾದ್ಧಾಂತವಾಗುತ್ತದೆಂದು ನನ್ನ ಕರಡುಗಳನ್ನೇ ಅಳಿಸಿ ಎಂದೆ. ಅಳಿಸುವ ಮುಂಚೆ ಮೇಲಿನವರು ಒಂದೊಂದರ ಹೆಸರನ್ನೂ ಓದಿದರು, ಒಂದೊಂದಕ್ಕೂ ನಾನು ಹೂಂ ಎಂದೆ. ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಸದು ಬರುವುದಿತ್ತಲ್ಲ! ನಾಲ್ಕಕ್ಕೆ ಮತ್ತೆ ಒತ್ತಿದರು. ಹೋಗುವಾಗ ನಮ್ಮವರಿಗೆ, ಪರದೆ ನಡುವೆ ಕಪ್ಪಾಗಬಹುದು, ಉಂಗುರ ತಿರುಗುತ್ತಾ ಪಕ್ಕದಲ್ಲಿ ಶೇಕಡಾ ಇಷ್ಟು ಎಂದು ಬರಬಹುದು, ಗಾಬರಿಯಾಗಬೇಡಿ, ಮುಟ್ಟಬೇಡಿ, ಎಂದು ಹೇಳಿ ಹೋದರು. ನಮ್ಮವರು ತಲೆಯಾಡಿಸಿದ್ದು ನನ್ನ ಅಂಚುಗಣ್ಣಿಗೆ ಕಂಡಿತು. ಐದೂವರೆಗೆ ನಡೆಯಲು ಹೋದೆವು. ಏಳಕ್ಕೆ ಮತ್ತೆ ಅದೇ ಕಥೆ. ಆರಿಹೋದ ಲ್ಯಾಪ್‌ಟಾಪು, ಹಿಂದಕ್ಕೆ ತೆಗೆಯುವ ಬದಲಾವಣೆ.

ನನಗೆ ತಲೆ ಕೆಟ್ಟುಹೋಯಿತು. ಆ ಡಬ್ಬಕ್ಕೆ ಬಾಯಿಗೆ ಬಂದಂತೆ ಬೈದೆ. ಮೇಲಿನವರು ನಗುತ್ತಾ, ನಮ್ಮ ಕಡೆ ಎತ್ತಿಗೂ ಹಿಂಗ ಬೈಯಂಗಿಲ್ರಿ ಅಕ್ಕಾರ, ಎಂದರು. ಅವರಿಗೂ ಹಟ ಹುಟ್ಟಿತ್ತು. ಆಫೀಸಿನಲ್ಲಿ ದಿನಕ್ಕೆ ಇಪ್ಪತ್ತು ಜನರ ಕಂಪ್ಯೂಟರು ಸರಿಮಾಡುವವರು, ಕೆಳಗಿನ ಮನೆಯ ಒಂದು ಲ್ಯಾಪ್‌ಟಾಪಿಗೆ ಸೋಲುವುದೇ? ಶುಕ್ರವಾರ ವೈರಸ್ ತಡೆಯುವ ತಂತ್ರಾಂಶವನ್ನು ಕಿತ್ತುಹಾಕಿದರು. ಮೂಲೆಯಲ್ಲಿ ಚುಚ್ಚಿಕೊಂಡಿದ್ದ ಹಳೆಯ ಪೆನ್‌ಡ್ರೈವ್ ಎಳೆದರು. ಗಡಿಯಾರದ ಹೊತ್ತು ತಪ್ಪಾಗಿದ್ದನ್ನು ತಿದ್ದಿದರು. ಇಳಿಸಿಕೊಂಡ ಕಡತಗಳನ್ನೆಲ್ಲ ಅಳಿಸಿ ಹೊಸದಾಗಿ ಇಳಿಸಿದರು. ಅವರು ಮೇಲೆ ಹೋದ ಮೇಲೆ ನಾನು ಮೆಲ್ಲಗೆ ಲ್ಯಾಪ್‌ಟಾಪಿನ ನೆತ್ತಿಗೆ ಒಂದು ಚೂರು ಕುಂಕುಮ ಇಟ್ಟು ಊದುಬತ್ತಿ ಬೆಳಗಿದೆ. ಆಯುಧಪೂಜೆಗೆ ಬಿಟ್ಟುಹೋಗಿತ್ತೇನೋ, ಯಾರಿಗೆ ಗೊತ್ತು.

ಅವತ್ತು ಗೇಟಿನ ಹತ್ತಿರ ನಿಂತಾಗ ನನಗೆ ಪರೀಕ್ಷೆಯ ಫಲಿತಾಂಶದ ದಿನ ಇದ್ದ ಹಾಗಿತ್ತು. ಇವತ್ತು ಆಗಿಯೇ ಆಗುತ್ತದೆ, ಇನ್ನು ಯಾವ ಕಾರಣವೂ ಉಳಿದಿಲ್ಲ. ನಮ್ಮವರು ಒಳಗೆ ಯಾಕೋ ತಡ ಮಾಡಿದರು. ಚಪ್ಪಲಿ ಸಿಗ್ತಿಲ್ವೇನ್ರೀ, ಎಂದು ಕೂಗಿದೆ. ಬಂದೆ ಬಂದೆ, ಎಂದರು. ಕೆರೆಯ ಸುತ್ತ ಅವತ್ತು ಎರಡು ಸುತ್ತು ಹಾಕಿದೆವು, ಅವರು ಒಂದು ಮಾತೂ ಆಡಲಿಲ್ಲ. ನಾನು ಭತ್ತದ ಪುಸ್ತಕದ ವಿಷಯ ಹೇಳುತ್ತಲೇ ಇದ್ದೆ. ಏಳು ಗಂಟೆಗೆ ಮೇಲಿನವರು ಮೆಟ್ಟಿಲಿಳಿಯುವ ಸದ್ದಿಗೇ ಎದ್ದು ನಿಂತೆ. ಗುಂಡಿ ಒತ್ತಿ, ಕಾದು, ಅವರು ಲ್ಯಾಪ್‌ಟಾಪಿನ ಮುಚ್ಚಳ ಮಡಚಿದರು. ಹೇಳುವುದೇ ಬೇಕಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತೆ. ಇನ್ನು ಎರಡೇ ದಿನ ಉಳಿದಿತ್ತು.

ಶನಿವಾರ ಮೇಲಿನವರಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದವರೇ, ಇವತ್ತು ಏನನ್ನೂ ಕಿತ್ತುಹಾಕುವುದಿಲ್ಲ, ಮೊದಲು ಇದರ ಜಾತಕ ನೋಡುತ್ತೇನೆ, ಎಂದರು. ಕಂಪ್ಯೂಟರು ತನಗಾದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಒಂದು ಕಡೆ ಬರೆದಿಟ್ಟುಕೊಳ್ಳುತ್ತದಂತೆ. ನಾನು ಅವರ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ನಮ್ಮವರು ಒಳಗಿನ ಕೋಣೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರು. ಮೇಲಿನವರು ತುಂಬಾ ಹೊತ್ತು ಏನೇನೋ ಇಳಿಸಿ ಏರಿಸಿ ನೋಡಿ, ಕೊನೆಗೆ ಬೆರಳು ನಿಲ್ಲಿಸಿದರು.

“ಬುಧವಾರ, ಗುರುವಾರ, ಶುಕ್ರವಾರ, ಮೂರೂ ದಿನ ಐದೂವರಿ ಸುಮಾರಿಗೇ ಇದಕ್ಕ ಕರೆಂಟ್ ಕಟ್ ಆಗೈತ್ರಿ ಅಕ್ಕಾರ. ಮ್ಯಾಲ ನಮ್ಮ ಮನ್ಯಾಗ ಕರೆಂಟ್ ಹೋಗೇ ಇಲ್ಲ. ಆ ಹೊತ್ತಿಗೆ ನಿಮ್ಮ ಮನ್ಯಾಗ ಏನಾಗತೈತ್ರಿ?”

ಐದೂವರೆಗೆ ನಮ್ಮ ಮನೆಯಲ್ಲಿ ಏನಾಗುತ್ತದೆ? ನಾನು ಗೇಟಿನ ಹತ್ತಿರ ಇರುತ್ತೇನೆ. ಕಣ್ಣು ಮುಚ್ಚಿಕೊಂಡೆ. ಮುಚ್ಚಬೇಕಾದ್ದೇನೂ ಇರಲಿಲ್ಲ, ಹಳೆಯ ಅಭ್ಯಾಸ. ಟಕ್, ಕೋಣೆಯ ಫ್ಯಾನು. ಟಕ್, ಗೀಸರು. ಮಿಕ್ಸಿ, ಫಿಲ್ಟರು, ಟಿವಿ, ಹಾಲಿನ ಫ್ಯಾನು, ಟ್ಯೂಬ್‌ಲೈಟು. ಏಳು. ಆಮೇಲೆ ಬೀಗ. ಇಲ್ಲ, ಬೀಗವಲ್ಲ. ಆಮೇಲೆ ಇನ್ನೊಂದು ಟಕ್. ಈ ಮೂರು ದಿನ ಬೀಗಕ್ಕೆ ಮೊದಲು ಇನ್ನೊಂದು ಇತ್ತು! ನನ್ನ ಕಿವಿ ಅದನ್ನು ಕೇಳಿಸಿಕೊಂಡು ಇಟ್ಟುಕೊಂಡಿತ್ತು, ನಾನೇ ನನ್ನ ಸಡಗರದಲ್ಲಿ ಕೇಳಿರಲಿಲ್ಲ. ಹೊಲಿಗೆ ಮಿಷನ್ನಿನ ಮೇಲಿನ ಪ್ಲಗ್ಗು. ಎಂಟನೆಯ ಸ್ವಿಚ್ಚು.

ಸಿಕ್ಕಿತು, ಸಿಕ್ಕಿತು, ಎಂದು ನಾನು ಎದ್ದು ಚಪ್ಪಾಳೆ ತಟ್ಟಿದೆ. ಇಷ್ಟೇನಾ! ಏನ್ರೀ ನಿಮ್ಮ ಆಫ್ ಮಾಡೋ ಚಾಳಿ, ಎಂದು ನಗುತ್ತಲೇ ಅವರ ಕಡೆ ತಿರುಗಿದೆ. ಮೇಲಿನವರೂ ಜೋರಾಗಿ ನಕ್ಕರು. ನಮ್ಮವರು ನಗಲಿಲ್ಲ. ಆಗ ನನಗೆ ಶುಕ್ರವಾರದ್ದು ನೆನಪಾಯಿತು. ಶುಕ್ರವಾರ ಏಳನೆಯದಕ್ಕೂ ಎಂಟನೆಯದಕ್ಕೂ ನಡುವೆ ಬಹಳ ಹೊತ್ತು ಏನೂ ಸದ್ದಿರಲಿಲ್ಲ. ನಾನು ಚಪ್ಪಲಿ ಸಿಗ್ತಿಲ್ವಾ ಎಂದು ಕೂಗಿದ್ದು ಆ ನಡುವೆ. ಬಂದೆ ಬಂದೆ ಎಂದರು, ಆಮೇಲೆ ಟಕ್.

ಮೇಲಿನವರು ಜಾಣೆ. ನಮ್ಮಿಬ್ಬರ ಮುಖ ನೋಡಿದವರೇ, ಒಲೆಯ ಮೇಲೆ ಚಹಾಕ್ಕಿಟ್ಟು ಬಂದಿದ್ದೇನೆ, ಉಕ್ಕುತ್ತದೆ, ಎಂದು ಹೇಳಿ ಮೆಟ್ಟಿಲು ಹತ್ತಿದರು.

ಅವರು ಹೋದ ಮೇಲೆ ನಮ್ಮವರನ್ನು ಕೇಳಿದೆ. ಬುಧವಾರ ಗೊತ್ತಿರಲಿಲ್ಲವಂತೆ, ಪರದೆ ಕಪ್ಪಗಿತ್ತು, ಆರಿದೆ ಎಂದುಕೊಂಡು ಕೈ ತಾನಾಗಿ ಹೋಯಿತು. ಗುರುವಾರವೂ ಕೈಯದೇ ತಪ್ಪು, ಬೀಗ ಹಾಕಿದ ಮೇಲೆ ನೆನಪಾಯಿತು, ಹೇಳಲು ನಾಚಿಕೆಯಾಯಿತು. ಶುಕ್ರವಾರ? ಶುಕ್ರವಾರ ಉಂಗುರ ತಿರುಗುತ್ತಿತ್ತು, ಎಪ್ಪತ್ತೆಂಟು ಎಂದಿತ್ತು, ನೋಡಿದೆ, ಎಂದರು. ನೋಡಿ? ಎಂದೆ. ಅವರ ದನಿ ಎಷ್ಟು ಸಣ್ಣಗಾಯಿತೆಂದರೆ ನಾನು ಹತ್ತಿರ ಹೋಗಬೇಕಾಯಿತು.

“ಅದು ಓದೋಕೆ ಶುರು ಮಾಡಿದ್ರೆ ಬೆಳಗ್ಗೆ ನಾನೇನ್ ಮಾಡ್ಲಿ ಕಣೆ?”

ಕಥೆಯಲ್ಲಾಗಿದ್ದರೆ ಇಲ್ಲಿ ಹೆಂಡತಿಯ ಮನಸ್ಸು ಕರಗುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನ! ನನ್ನ ಹಳೆಯ ಕರಡುಗಳನ್ನು ಹೆಸರು ಓದಿಸಿ ಓದಿಸಿ ಅಳಿಸಿದ್ದೆ. ಬಚ್ಚಲಿನಲ್ಲಿ ನಿಂತು ಅತ್ತಿದ್ದು ಇವರಿಗೆ ಕೇಳಿಸದೆ ಇರಲಿಲ್ಲ. ಹೊರಗಿನವರು ಬೇರೆಯವರಿದ್ದಾರೆ ಎಂದರೆ ತಡೆದುಕೊಳ್ಳಬಹುದು, ಮನೆಯೊಳಗೇ ಇರುವವರು ಹೀಗೆ ಮಾಡಿದರೆ? ಇನ್ನೂ ಏನೇನೋ ಅಂದೆ, ಎಲ್ಲ ನೆನಪಿಲ್ಲ, ನೆನಪಿರುವುದೂ ಬರೆಯುವಂಥದ್ದಲ್ಲ. ಕೊನೆಗೆ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

“ನೀವು ಕಂಬದ ಮೇಲಿದ್ದಾಗ ಯಾರೋ ಸ್ವಿಚ್ ಮುಟ್ಟಿದ್ರಲ್ಲ, ಅವರಿಗಾದ್ರೂ ನೀವು ಮೇಲಿರೋದು ಗೊತ್ತಿರಲಿಲ್ಲ.”

ಅವರು ನನ್ನ ಪಕ್ಕದಿಂದ ಹೊರಟುಹೋದರು. ಹೋಗಲಿ, ಎಲ್ಲಿಗಾದರೂ ಹೋಗಲಿ, ಎಂದುಕೊಂಡೆ. ಒಳಗೆ ಏಣಿ ಎಳೆದ ಸದ್ದು ಕೇಳಿತು. ಅಟ್ಟದ ಮೇಲೆ ಡಬ್ಬಗಳು ಸರಿದವು, ಏನೋ ಬಿತ್ತು. ಮೊಣಕಾಲು ನೋವಿನವರು ಏಣಿ ಹತ್ತಿದ್ದಾರಲ್ಲ ಎಂದು ಆ ಸಿಟ್ಟಿನಲ್ಲೂ ಗಾಬರಿಯಾಯಿತು. ಇಳಿದು ಬಂದು ಹಾಲಿನ ಸ್ವಿಚ್ ಬೋರ್ಡಿನ ಹತ್ತಿರ ನಿಂತು ಏನೋ ಕಟ್ಟತೊಡಗಿದರು. ತಗಡು ಗೋಡೆಗೆ ತಾಗಿ ಸದ್ದಾಯಿತು. ಕತ್ತು ಓರೆ ಮಾಡಿ ನೋಡಿದೆ, ಅಂಚುಗಣ್ಣಿಗೆ ಕೆಂಪು ಕಂಡಿತು. ಅಕ್ಷರ ಕಾಣಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ಲೈನಿನ ಮೇಲೆ ಆಳಿದ್ದಾನೆ, ಸ್ವಿಚ್ ಮುಟ್ಟಬೇಡಿ.

ಆಗ ಪಾಪ ಅನ್ನಿಸಿತು, ಒಪ್ಪಿಕೊಳ್ಳುತ್ತೇನೆ. ಸಿಟ್ಟೂ ಇತ್ತು, ಎರಡೂ ಒಟ್ಟಿಗೇ ಇದ್ದವು. ಮೆಟ್ಟಿಲ ಬುಡಕ್ಕೆ ಹೋಗಿ ಮೇಲಿನವರನ್ನು ಕೂಗಿದೆ.

ಅವರು ಚಹಾದ ಫ್ಲಾಸ್ಕು, ಚುರುಮುರಿ ಎರಡನ್ನೂ ಹಿಡಿದುಕೊಂಡೇ ಬಂದರು. ತಗಡನ್ನು ನೋಡಿ, ಏನನ್ನೂ ಕೇಳದೆ, ನಾಲ್ಕಕ್ಕೆ ಸರಿಯಾಗಿ ಅಪ್‌ಡೇಟ್ ಒತ್ತಿದರು. ಅವತ್ತು ಕೆರೆಗೆ ರಜೆ. ಮೂವರೂ ಲ್ಯಾಪ್‌ಟಾಪಿನ ಮುಂದೆ ಕ್ರಿಕೆಟ್ ಮ್ಯಾಚ್ ನೋಡುವವರ ಹಾಗೆ ಕೂತೆವು. ಶೇಕಡಾ ಎಷ್ಟು ಎಂದು ನನಗೆ ಹೇಳುವ ಕೆಲಸವನ್ನು ನಮ್ಮವರು ಯಾರೂ ಹೇಳದೆ ತಾವೇ ವಹಿಸಿಕೊಂಡರು. ಹನ್ನೆರಡು. ಹದಿಮೂರು. ಹದಿಮೂರೇ. ಹದಿನೇಳು, ಒಮ್ಮೆಗೇ ಹಾರಿತು. ಮೀಟರ್ ರೀಡಿಂಗಿನ ಅದೇ ದನಿ, ಆದರೆ ಒಂದನ್ನೂ ಬಿಡಲಿಲ್ಲ. ಐದು ಗಂಟೆಗೆ ಪರದೆ ಕಪ್ಪಾದಾಗ ನಾನು ಎದ್ದೇ ನಿಂತೆ. ಅದು ಹಂಗೇ ಆಗೋದ್ರಿ, ಎಂದು ಮೇಲಿನವರು ನನ್ನ ಕೈ ಹಿಡಿದುಕೊಂಡರು. ಉಂಗುರ ಬಂತು ಎಂದು ನಮ್ಮವರು ಕೂಗಿದರು, ತೇರು ಹೊರಟಿತೇನೋ ಎನ್ನುವಷ್ಟು ಜೋರಾಗಿ.

ಐದೂವರೆಗೆ ಅವರಿಗೆ ಕೂರಲಾಗಲಿಲ್ಲ. ಎದ್ದರು, ಕೂತರು, ಮತ್ತೆ ಎದ್ದರು. ಇಷ್ಟು ವರ್ಷದ ಕೈ ಅದು, ಪಾಪ, ಆ ಹೊತ್ತಿಗೆ ಸ್ವಿಚ್ಚು ಹುಡುಕುತ್ತದೆ. ಕೊನೆಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು ಎಂದು ಮೇಲಿನವರು ಆಮೇಲೆ ನನಗೆ ಹೇಳಿದರು. ಎಪ್ಪತ್ತಾರು. ಎಪ್ಪತ್ತೇಳು. ಎಪ್ಪತ್ತೆಂಟು. ಅಲ್ಲಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಎಪ್ಪತ್ತೆಂಟೇ, ಎಂದು ಅವರು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು, ತಪ್ಪೆಲ್ಲ ತಮ್ಮದೇ ಎಂಬ ದನಿಯಲ್ಲಿ. ಚುರುಮುರಿ ಮೆತ್ತಗಾಯಿತು. ನಾನು ಮನೆದೇವರಿಗೆ ಏನೋ ಹರಕೆ ಹೊತ್ತೆ, ಯಾವುದೆಂದು ಈಗ ಮರೆತಿದ್ದೇನೆ.

“ಎಪ್ಪತ್ತೊಂಬತ್ತು” ಎಂದರು.

ಅಲ್ಲಿಂದಾಚೆ ಅದು ನಿಲ್ಲಲೇ ಇಲ್ಲ. ಎಂಬತ್ನಾಲ್ಕು, ತೊಂಬತ್ತು, ತೊಂಬತ್ತಾರು. ಇನ್ನೊಂದು ಸಲ ಕಪ್ಪು, ಇನ್ನೊಂದು ಉಂಗುರ, ಆಮೇಲೆ ಮೇಲಿನವರು ನನ್ನನ್ನು ಅಪ್ಪಿಕೊಂಡೇ ಬಿಟ್ಟರು. ಆಗಿತ್ತು! ಕನ್ನಡ ಓದುವ ತಂತ್ರಾಂಶ ಹಾಕಲು ಇನ್ನೊಂದು ಅರ್ಧ ಗಂಟೆ. ಪ್ರಕಾಶಕರು ಕಳಿಸಿದ್ದ ಅಧ್ಯಾಯವನ್ನು ತೆರೆದು, ಯಾವ ಗುಂಡಿ ಒತ್ತಬೇಕೆಂದು ನನ್ನ ಬೆರಳು ಹಿಡಿದು ತೋರಿಸಿಕೊಟ್ಟು, ನೀವೇ ಒತ್ತಿ ಎಂದರು. ಒತ್ತಿದೆ. ಒಂದು ಹೆಂಗಸಿನ ದನಿ, ಸ್ವಲ್ಪ ಮೂಗಿನಲ್ಲಿ, ಅವಸರವಿಲ್ಲದೆ ಓದತೊಡಗಿತು: ನಮ್ಮ ಗದ್ದೆ ಸಾರಕ್ಕಿ ಕೆರೆಯ ತೂಬಿನಿಂದ ಮೂರನೆಯದು. ಅಷ್ಟೇ, ಒಂದು ಗದ್ದೆಯ ವಿಳಾಸ. ಎರಡು ವರ್ಷದ ಮೇಲೆ ಯಾರ ಹಂಗೂ ಇಲ್ಲದೆ ನಾನು ಓದಿದ ಮೊದಲ ಸಾಲು ಅದು. ನಿಲ್ಲಿಸಿದೆ, ಮತ್ತೆ ಒತ್ತಿದೆ, ಮತ್ತೆ ಅದೇ ಸಾಲು. ಆರು ಸಲ ಕೇಳಿರಬೇಕು. ನಗು ಬರುತ್ತಿತ್ತು, ಮೂಗು ಸೋರುತ್ತಿತ್ತು. ಮೇಲಿನವರು ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ.

ಭಾನುವಾರ ಬೆಳಗ್ಗೆ ಕಾಫಿಗೂ ಮೊದಲೇ ಕೂತೆ. ಪೇಪರು ಬಂದು ಬಾಗಿಲಲ್ಲಿ ಬಿದ್ದ ಸದ್ದು ಕೇಳಿತು. ನಮ್ಮವರು ಅದನ್ನು ಎತ್ತಿಕೊಂಡು ಬಂದು, ನನ್ನ ಕಿವಿಯಲ್ಲಿ ಹೆಡ್‌ಫೋನ್ ಇದ್ದದ್ದನ್ನು ನೋಡಿ, ಮಡಿಕೆ ಬಿಚ್ಚದೆ ಟೀಪಾಯಿಯ ಮೇಲಿಟ್ಟು ಕಿಟಕಿಯ ಹತ್ತಿರ ಹೋಗಿ ಕೂತರು. ನನಗೆ ಕಂಡಿತು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಕರಡಿಗೇ ಕಿವಿ ಕೊಟ್ಟೆ. ಅಧ್ಯಾಯವನ್ನು ಎರಡು ಸಲ ಕೇಳಿದೆ. ಕಿವಿಗೆ ತೊಡಕಾದದ್ದನ್ನೆಲ್ಲ ಹಿಡಿದೆ. ಅಷ್ಟಾದ ಮೇಲೆ ಕೆಲಸದವಳ ಬುದ್ಧಿ ಎಚ್ಚರವಾಯಿತು. ಟೈಪಾದದ್ದನ್ನು ಕೇಳಿದೆ, ಸರಿ. ಆದರೆ ಆ ರೈತ ಅಜ್ಜ ಬರೆದದ್ದೇನು? ನಮ್ಮ ಅಚ್ಚುಕೂಟಗಳಲ್ಲಿ ಮೂಲಪ್ರತಿ ಹಿಡಿಯದೆ ಕರಡು ತಿದ್ದಿದ್ದೇ ಇಲ್ಲ. ಒಬ್ಬರು ಓದುವುದು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ನೋಡಿಕೊಳ್ಳುವುದು. ಸಂಭ್ರಮದಲ್ಲಿ ಅದನ್ನೇ ಮರೆತಿದ್ದೆ. ಅಜ್ಜನ ನೋಟ್‌ಬುಕ್ಕು ಅಲ್ಲೇ ಇತ್ತು, ಪ್ರಕಾಶಕರು ಕಾಗದದ ಮೇಲೆ ತೆಗೆಸಿದ ಕರಡಿನ ಜೊತೆ ಕಳಿಸಿಕೊಟ್ಟಿದ್ದರು. ಕೈಬರಹ, ಪೆನ್ಸಿಲಿನದು. ಅದನ್ನು ಓದಲು ಆ ಹೆಂಗಸಿನ ದನಿಗೆ ಬರುವುದಿಲ್ಲ. ನನಗೂ ಬರುವುದಿಲ್ಲ.

ಹೆಡ್‌ಫೋನ್ ಕಿತ್ತೆ. ಬನ್ನಿ ಇಲ್ಲಿ, ಎಂದೆ. ಕನ್ನಡಕ ಹಾಕಿಕೊಂಡು ಈ ನೋಟ್‌ಬುಕ್ ಹಿಡಿದುಕೊಳ್ಳಿ, ಅದು ಓದುತ್ತಾ ಹೋಗುತ್ತದೆ, ನೀವು ಬೆರಳಿಟ್ಟುಕೊಂಡು ಬನ್ನಿ, ಬೇರೆಯಾದ ಕಡೆ ನಿಲ್ಲಿಸಿ, ಎಂದು ಹೇಳಿಕೊಟ್ಟೆ. ಕರುಣೆಯಿಂದ ಕರೆದದ್ದಲ್ಲ, ಅವರಿಗೂ ಅದು ಗೊತ್ತಾಗಿರಬೇಕು. ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತರು. ಮಡಚದ ಆ ಎರಡು ಬೆರಳು ಕಾಗದದ ಮೇಲೆ ಸರಿಯುವ ಸದ್ದು ನನಗೆ ಕೇಳುತ್ತಿತ್ತು. ಮೊದಲ ಪುಟ ಹೋಯಿತು, ಎರಡು, ಮೂರು. ಕಳೆ ಕೀಳುವುದು, ತೂಬು ಕಟ್ಟುವುದು, ನಾಟಿಯ ದಿನ. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು.

“ನಿಲ್ಸು. ನಿನ್ನ ಮಿಷನ್ನು ಸಾಲು ಬಿಡ್ತು.”

ಮಿಷನ್ನು ಬಿಟ್ಟಿರಲಿಲ್ಲ, ಟೈಪು ಮಾಡಿದವರು ಬಿಟ್ಟಿದ್ದರು. ಎರಡು ಸಲ ಕೇಳಿದರೂ ನನಗೆ ಗೊತ್ತಾಗಿರಲಿಲ್ಲ, ಅದು ಇಲ್ಲದೆಯೂ ಮಾತು ಕೂಡಿಕೊಂಡಿತ್ತು. ಸರಿಯಾಗಿ ನೋಡಿದಿರಾ, ಎಂದು ಕೇಳಿದೆ. ನೋಡಿದೀನಿ ಕಣೆ, ಎಂದು ಅವರು ದನಿಯೇರಿಸಿದರು. ಹಾಗಾದರೆ ಓದಿ, ಎಂದೆ.

ಅವರು ಗಂಟಲು ಸರಿಮಾಡಿಕೊಂಡರು. ‘ನಾಟಿಯ ದಿನ ಅವಳ ಕಡೆಯ ಸಾಲು ಡೊಂಕಾಗುತ್ತಿತ್ತು. ಅದನ್ನು ನಾನು ನೆಟ್ಟಗೆ ಮಾಡುತ್ತಿರಲಿಲ್ಲ. ಪೈರು ಬಂದ ಮೇಲೆ ಏರಿಯ ಮೇಲೆ ನಿಂತು ನೋಡಿದರೆ ಅವಳು ನೆಟ್ಟದ್ದು ಎಲ್ಲಿ ಎಂದು ಗೊತ್ತಾಗುತ್ತಿತ್ತು.’ ಮೀಟರ್ ಓದುವ ದನಿ ಅಲ್ಲಿ ಸ್ವಲ್ಪ ತಡವರಿಸಿತು. ಆ ಅಧ್ಯಾಯದಲ್ಲಿ ಅಜ್ಜನ ಹೆಂಡತಿ ಬರುವುದು ಅಲ್ಲಿ ಮಾತ್ರ.

ಕಾಗದದ ಕರಡಿನ ಅಂಚಿನಲ್ಲಿ ಗುರುತು ಹಾಕಿ ಅಷ್ಟನ್ನೂ ಬರೆಯಿರಿ, ಒಂದಕ್ಷರವೂ ಬಿಡಬಾರದು, ಎಂದೆ. ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬರೆದು ಮುಗಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಬೆರಳನ್ನು ಮುಂದಿನ ಸಾಲಿನ ಮೇಲೆ ಇಟ್ಟರು.

“ಹೂಂ, ಮುಂದಕ್ಕೆ ಓದ್ಸು” ಎಂದರು. ನಾನು ಗುಂಡಿ ಒತ್ತಿದೆ.